ಪರಂಗಿ ಕಾಯಿಯ ಸೊನೆ, ಮುಖದ ಕಳೆ

ಬಲಿತ ಮಟನ್ ಬೇಗ ಬೇಯಲೆಂದು ಅಡುಗೆಯವರು ಪರಂಗಿ ಕಾಯಿ ಅರೆದು ಹಚ್ಚಿಡುತ್ತಾರೆ. ಸ್ವಲ್ಪ ಹೊತ್ತಿಗೆ ಗಟ್ಟಿ ತುಂಡು ಮೆತ್ತಗಾಗುತ್ತದೆ. ಕಾಯಿಗೆ ಗೀರು ಹಾಕಿದರೆ ಒಸರುವ ಬಿಳಿ ಸೊನೆಯಲ್ಲಿ ಪಪೈನ್ ಎಂಬ ಕಿಣ್ವವಿದೆ. ಮಾಂಸದ ಪ್ರೋಟೀನನ್ನು ತುಂಡರಿಸುವುದು ಅದೇ. ಈಗ ಫೇಸ್‌ವಾಶ್, ಮಾಸ್ಕ್, ಪೀಲ್‌ಗಳ ಡಬ್ಬಿಯ ಮೇಲೂ ಅದರ ಹೆಸರು ಕಾಣುತ್ತದೆ.

ಚರ್ಮದ ಮೇಲೆ ಅದಕ್ಕೇನು ಕೆಲಸ?

ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದು. ತಳದಲ್ಲಿ ಹುಟ್ಟಿದ ಕೋಶ ಮೇಲೇರಿ, ಒಣಗಿ, ಉದುರಲು ಹರೆಯದವರಲ್ಲಿ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಈ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪ್ರೋಟೀನಿನ ಬೆಸುಗೆ. ಅದನ್ನು ಬಿಡಿಸಲು ಚರ್ಮದಲ್ಲೇ ಕಿಣ್ವಗಳಿವೆ, ಆದರೆ ಅವುಗಳಿಗೆ ತೇವ ಬೇಕು. ಚರ್ಮ ಒಣಗಿದರೆ ಅವು ಮಂದವಾಗುತ್ತವೆ, ಸತ್ತ ಕೋಶಗಳು ಅಲ್ಲೇ ಕೂರುತ್ತವೆ, ಮುಖ ಒರಟಾಗಿ ಕಳೆಗುಂದುತ್ತದೆ. ಹೊರಗಿನಿಂದ ಹಚ್ಚುವ ಪಪೈನ್, ಅನಾನಸಿನ ಬ್ರೊಮೆಲೈನ್ ಈ ಬೆಸುಗೆಯನ್ನೇ ಸಡಿಲಿಸುತ್ತವೆ. ಅನಾನಸ್ ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲೂ ಬ್ರೊಮೆಲೈನ್‌ನ ಪಾಲಿದೆ.

ಸತ್ತ ಕೋಶ ತೆಗೆಯುವ ಇನ್ನೆರಡು ದಾರಿ ಸ್ಕ್ರಬ್ ಮತ್ತು ಆಮ್ಲ. ಸ್ಕ್ರಬ್ ಉಜ್ಜಿ ಕೆರೆಯುತ್ತದೆ. ಮೊಡವೆಯಿರುವ ಮುಖಕ್ಕೆ ಅದು ಹಿಂಸೆ. ಗ್ಲೈಕಾಲಿಕ್ ಆಮ್ಲದ ಅಣುಭಾರ ಕೇವಲ 76, ಹಾಗಾಗಿ ಅದು ಪದರದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಪಪೈನಿನ ಅಣುಭಾರ 23,000ಕ್ಕೂ ಹೆಚ್ಚು. ಇಷ್ಟು ದೊಡ್ಡ ಅಣು, ಚರ್ಮ ಗಾಯವಿಲ್ಲದೆ ಸರಿಯಾಗಿದ್ದರೆ, ಬಹುಮಟ್ಟಿಗೆ ಮೇಲ್ಮೈಯಲ್ಲೇ ಉಳಿಯುತ್ತದೆ. ಆಮ್ಲ ತಾಳದವರಿಗೆ ಕಿಣ್ವ ಹಿತವೆನಿಸಲು ಇದೊಂದು ಕಾರಣ. ಫಲವೂ ಮೇಲ್ಮೈಗಷ್ಟೇ ಸೀಮಿತ: ಮುಖ ನುಣುಪಾಗಬಹುದು, ಆಳದ ಕಲೆ, ಬಂಗು ಹೋಗುವುದಿಲ್ಲ. ಹೋಗುತ್ತದೆಂಬ ಜಾಹೀರಾತನ್ನು ನಂಬಬೇಕಿಲ್ಲ.

ಕಿಣ್ವವನ್ನು ಕೆಡದಂತೆ ಇಡುವುದೇ ತಯಾರಕರಿಗೆ ದೊಡ್ಡ ತಲೆನೋವು. ನೀರಿನಲ್ಲಿ ಬಹಳ ದಿನ ಇದ್ದರೆ, ಬಿಸಿ ತಾಗಿದರೆ ಅದು ನಿಷ್ಕ್ರಿಯ. ಜಪಾನಿನಲ್ಲಿ ಕಿಣ್ವದ ಫೇಸ್‌ವಾಶ್ ಒಣ ಪುಡಿಯ ರೂಪದಲ್ಲಿ ಜನಪ್ರಿಯವಾಗಿರುವುದು ಇದಕ್ಕೇ. ಕಾನೆಬೋ ಕಂಪನಿಯ ಸುಯಿಸಾಯಿ ಪುಡಿ ಒಂದು ಬಳಕೆಗೆ ಒಂದರಂತೆ ಪುಟ್ಟ ಕಪ್‌ಗಳಲ್ಲಿ ಬರುತ್ತದೆ. ಅಂಗೈಯಲ್ಲಿ ನೀರು ಬೆರೆಸಿದಾಗಲೇ ಅದರ ಕೆಲಸ ಶುರು.

ಮನೆಯಲ್ಲಿ ಹಣ್ಣನ್ನೇ ಕಿವುಚಿ ಹಚ್ಚಿದರೆ? ಪರಂಗಿ ಹಣ್ಣಾಗುತ್ತಿದ್ದಂತೆ ಪಪೈನ್ ಕಡಿಮೆಯಾಗುತ್ತದೆ. ಮಾಗಿದ ಹಣ್ಣಿನ ಪ್ಯಾಕ್‌ನಿಂದ ತಂಪು, ತೇವ ಸಿಗಬಹುದು, ಅಷ್ಟೇ. ಕಾಯಿಯ ಸೊನೆಯನ್ನಂತೂ ಮುಖಕ್ಕೆ ತಾಗಿಸಲೇಬಾರದು. ಅದು ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸಬಲ್ಲದು.

ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಇಲ್ಲಿ ಅಪಾಯಕಾರಿ. ಗಾಯಕ್ಕೆ ಹಚ್ಚುವ, ಅನುಮೋದನೆಯಿಲ್ಲದ ಪಪೈನ್ ಔಷಧಗಳ ಮಾರಾಟ ನಿಲ್ಲಿಸುವಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿ ಕಂಪನಿಗಳಿಗೆ ಸೂಚಿಸಿತು. ರಕ್ತದೊತ್ತಡ ಕುಸಿಯುವಂಥ ತೀವ್ರ ಅಲರ್ಜಿಯ ವರದಿಗಳು ಬಂದಿದ್ದವು. ಆ ಔಷಧಗಳು ಸೌಂದರ್ಯವರ್ಧಕಗಳಲ್ಲ, ನಿಜ. ಆದರೂ ರಬ್ಬರ್ ಲೇಟೆಕ್ಸ್ ಅಥವಾ ಪರಂಗಿ ಒಗ್ಗದವರು ಪಪೈನ್‌ನಿಂದ ದೂರವಿರಬೇಕು. ಉಳಿದವರೂ ಮೊದಲು ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾದು ನೋಡಿ. ಉರಿ, ಕೆಂಪು ಏನೂ ಇಲ್ಲದಿದ್ದರೆ ವಾರಕ್ಕೊಮ್ಮೆಯಿಂದ ಶುರು ಮಾಡಿ, ಡಬ್ಬಿಯಲ್ಲಿ ಬರೆದ ಸಮಯ ಮೀರದಂತೆ ತೊಳೆಯಿರಿ. ಬಿಸಿಲಿಗೆ ಹೊರಡುವ ಮುನ್ನ ಸನ್‌ಸ್ಕ್ರೀನ್ ಮರೆಯಬೇಡಿ.