ಪ್ರಭಾವಶಾಲಿ ಪಾತ್ರಾಭಿನಯ ವಿಡಿಯೊ ಗೇಮ್‌ಗಳು

ಪಾತ್ರಾಭಿನಯ ವಿಡಿಯೊ ಗೇಮ್ ಎಂದರೆ ಆಟಗಾರರು ಕಲ್ಪಿತ ಲೋಕವೊಂದರ ಪಾತ್ರವನ್ನು ವಹಿಸಿಕೊಂಡು, ಆ ಪಾತ್ರದ ಶಕ್ತಿ, ಕೌಶಲ ಮತ್ತು ಆಯುಧಗಳನ್ನು ಕ್ರಮೇಣ ಬೆಳೆಸುತ್ತ ಸಾಗುವ ಆಟ. ಇಂಗ್ಲಿಷಿನ ರೋಲ್ ಪ್ಲೇಯಿಂಗ್ ಗೇಮ್ ಎಂಬುದರ ಸಂಕ್ಷಿಪ್ತ ರೂಪವಾದ ಆರ್‌ಪಿಜಿ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳಲ್ಲಿ ಹುಟ್ಟಿದ ಈ ಪ್ರಕಾರವು ಮುಂದಿನ ದಶಕದಲ್ಲಿ ಜಪಾನಿಗೂ ಅನಂತರ ಪ್ರಪಂಚದ ಇತರ ಭಾಗಗಳಿಗೂ ಹರಡಿತು.

ಒಂದು ಆಟದ ಮಾರಾಟಕ್ಕೂ ಪ್ರಕಾರದ ಮೇಲೆ ಅದು ಬೀರಿದ ಪ್ರಭಾವಕ್ಕೂ ನೇರ ಸಂಬಂಧವಿಲ್ಲ. ಆಟದ ಒಂದು ನಿಯಮ ಅಥವಾ ರಚನೆಯನ್ನು ನಂತರದ ಆಟಗಳು ಅಳವಡಿಸಿಕೊಂಡು, ಕಾಲಕ್ರಮದಲ್ಲಿ ಅದು ಎಲ್ಲಿಂದ ಬಂದಿತೆಂಬುದೇ ಮರೆತುಹೋಗುವಷ್ಟು ಸಹಜವಾದರೆ ಆ ಆಟವನ್ನು ಪ್ರಭಾವಶಾಲಿ ಎನ್ನಬಹುದು. ಈ ಲೇಖನದಲ್ಲಿ ಹೆಸರಿಸಿರುವ ಆಟಗಳನ್ನು ಈ ಅಳತೆಗೋಲಿನಿಂದ ಆರಿಸಲಾಗಿದೆ.

ಹಿನ್ನೆಲೆ

ಈ ಪ್ರಕಾರದ ಮೂಲವು ಕಾಗದ, ಪೆನ್ಸಿಲ್ ಮತ್ತು ದಾಳಗಳಿಂದ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವು 1974ರಲ್ಲಿ ಪ್ರಕಟವಾಯಿತು. ಯೋಧ, ಮಾಂತ್ರಿಕ, ಪುರೋಹಿತ ಎಂಬ ಪಾತ್ರವರ್ಗಗಳು, ಸಾಹಸದಿಂದ ದೊರೆಯುವ ಅನುಭವದ ಅಂಕಗಳು, ಅವುಗಳಿಂದ ಏರುವ ಹಂತಗಳು, ಪೆಟ್ಟು ತಿಂದಾಗ ಕಡಿಮೆಯಾಗುವ ಜೀವಶಕ್ತಿಯ ಅಂಕಗಳು ಇವೆಲ್ಲವೂ ಅದರಲ್ಲೇ ಇದ್ದವು.

ಈ ಆಟದಲ್ಲಿ ಒಬ್ಬರು ನಿರ್ವಾಹಕರಾಗಿ ಕುಳಿತಿರುತ್ತಾರೆ. ಅವರ ಕೆಲಸ ಎರಡು ಬಗೆಯದು: ದಾಳ ಉರುಳಿಸಿ ಲೆಕ್ಕ ಹಾಕುವುದು ಒಂದು, ಆಟಗಾರರು ಅನಿರೀಕ್ಷಿತವಾದುದನ್ನು ಮಾಡಿದಾಗ ಅದಕ್ಕೆ ತಕ್ಕಂತೆ ಕಥೆಯನ್ನು ಮುಂದುವರಿಸುವುದು ಇನ್ನೊಂದು. ಮೊದಲನೆಯ ಕೆಲಸವನ್ನು ಕಂಪ್ಯೂಟರ್ ಮನುಷ್ಯರಿಗಿಂತ ಚೆನ್ನಾಗಿ ಮಾಡಬಲ್ಲದು. ಎರಡನೆಯದನ್ನು ಅದಕ್ಕೆ ಕಲಿಸುವುದು ಕಷ್ಟ. ಪ್ರಕಾರದ ಮೇಲೆ ಆಳವಾದ ಪ್ರಭಾವ ಬೀರಿದ ಆಟಗಳನ್ನು ಈ ನಿರ್ವಾಹಕರ ಸ್ಥಾನವನ್ನು ತುಂಬಲು ನಡೆದ ಬೇರೆ ಬೇರೆ ಪ್ರಯತ್ನಗಳೆಂದು ನೋಡಬಹುದು.

ಆರಂಭದ ಆಟಗಳು

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೋಧನೆಗಾಗಿ ರೂಪುಗೊಂಡ ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ 1975ರ ಸುಮಾರಿಗೆ ಈ ಬಗೆಯ ಮೊದಲ ಆಟಗಳು ಕಾಣಿಸಿಕೊಂಡವು. ಪೆಡಿಟ್5, ಡಿಎನ್‌ಡಿ ಮತ್ತು 1977ರ ಊಬ್ಲಿಯೆಟ್ ಅವುಗಳಲ್ಲಿ ಮುಖ್ಯವಾದವು. ಪಾಠಕ್ಕೆ ಮೀಸಲಾದ ಯಂತ್ರದಲ್ಲಿ ಆಟಕ್ಕೆ ಜಾಗವಿಲ್ಲವೆಂದು ಇಂತಹ ಕಡತಗಳನ್ನು ಅಳಿಸಿಹಾಕುವುದೂ ಇತ್ತು. ಪೆಡಿಟ್5 ಎಂಬ ನೀರಸ ಹೆಸರು ಆಟವನ್ನು ಮರೆಮಾಚಲು ನೆರವಾಗಿತ್ತು.

1980ರ ಸುಮಾರಿಗೆ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಯುನಿಕ್ಸ್ ವ್ಯವಸ್ಥೆಗಾಗಿ ರೋಗ್ ಎಂಬ ಆಟವನ್ನು ಬರೆದರು. ಮುಂದೆ ಕೆನ್ ಆರ್ನಲ್ಡ್ ಅವರೊಡನೆ ಸೇರಿಕೊಂಡರು. ಇದರಲ್ಲಿ ಚಿತ್ರಗಳಿಲ್ಲ, ಅಕ್ಷರ ಮತ್ತು ಚಿಹ್ನೆಗಳೇ ಗೋಡೆ, ನಿಧಿ, ರಾಕ್ಷಸರನ್ನು ಸೂಚಿಸುತ್ತವೆ. ನೆಲಮಾಳಿಗೆಯ ಕೋಣೆಗಳನ್ನು ಪ್ರತಿ ಸಲವೂ ಕಂಪ್ಯೂಟರೇ ಹೊಸದಾಗಿ ರಚಿಸುತ್ತದೆ. ಪಾತ್ರ ಸತ್ತರೆ ಆಟ ಮೊದಲಿನಿಂದಲೇ ಆರಂಭವಾಗಬೇಕು. ಹೀಗಾಗಿ ಆಟವನ್ನು ಬರೆದವರಿಗೂ ಮುಂದೇನು ಎದುರಾಗುತ್ತದೆಂದು ತಿಳಿದಿರುವುದಿಲ್ಲ. ಈ ಎರಡು ನಿಯಮಗಳನ್ನು ಅನುಸರಿಸುವ ಆಟಗಳನ್ನು ಇಂದಿಗೂ ರೋಗ್‌ಲೈಕ್ ಎಂದು ಕರೆಯಲಾಗುತ್ತದೆ. 1987ರ ನೆಟ್‌ಹ್ಯಾಕ್ ಇದೇ ಪರಂಪರೆಗೆ ಸೇರಿದ್ದು.

ವಿಝರ್ಡ್ರಿ ಮತ್ತು ಅಲ್ಟಿಮಾ

1981ರಲ್ಲಿ ಆ್ಯಪಲ್ II ಕಂಪ್ಯೂಟರಿಗಾಗಿ ಎರಡು ಮಹತ್ವದ ಆಟಗಳು ಬಂದವು. ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ ವಿಝರ್ಡ್ರಿಯಲ್ಲಿ ಆಟಗಾರರು ಗರಿಷ್ಠ ಆರು ಪಾತ್ರಗಳ ತಂಡವನ್ನು ಕಟ್ಟಿಕೊಂಡು ಹತ್ತು ಅಂತಸ್ತುಗಳ ಚಕ್ರವ್ಯೂಹಕ್ಕೆ ಇಳಿಯುತ್ತಾರೆ. ದಾರಿಯು ಪಾತ್ರದ ಕಣ್ಣಿಗೆ ಕಾಣುವಂತೆಯೇ ಪರದೆಯ ಮೇಲೆ ಕಾಣುತ್ತದೆ. ಶತ್ರು ಎದುರಾದಾಗ ಆದೇಶಗಳನ್ನು ಒಂದೊಂದಾಗಿ ಆರಿಸಬೇಕಾಗುತ್ತದೆ. ರಿಚರ್ಡ್ ಗ್ಯಾರಿಯಟ್ ಅವರ ಅಲ್ಟಿಮಾದಲ್ಲಿ ಇದಕ್ಕೆ ಬದಲಾಗಿ ಊರು, ಕಾಡು, ಕೋಟೆಗಳಿರುವ ವಿಶಾಲ ಭೂಮಿಯನ್ನು ಮೇಲಿನಿಂದ ನೋಡುತ್ತ ಸಂಚರಿಸಬಹುದು. ಮೊದಲನೆಯದು ಯುದ್ಧದ ಕ್ರಮವನ್ನೂ ಎರಡನೆಯದು ಲೋಕದ ವಿಸ್ತಾರವನ್ನೂ ನಂತರದ ಆಟಗಳಿಗೆ ಕೊಟ್ಟವು.

1985ರ ಅಲ್ಟಿಮಾ IV: ಕ್ವೆಸ್ಟ್ ಆಫ್ ದಿ ಅವತಾರ್ ಇನ್ನೊಂದು ತಿರುವು. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನಾಯಕನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಸದ್ಗುಣಗಳನ್ನು ಸಾಧಿಸಿ ಆದರ್ಶ ವ್ಯಕ್ತಿಯಾಗುವುದೇ ಗುರಿ. ಅಂಗಡಿಯಲ್ಲಿ ಕುರುಡಿ ವ್ಯಾಪಾರಿಗೆ ಕಡಿಮೆ ಹಣ ಕೊಟ್ಟು ಮೋಸ ಮಾಡಬಹುದು. ಆ ಕ್ಷಣದಲ್ಲಿ ಯಾರೂ ಆಕ್ಷೇಪಿಸುವುದಿಲ್ಲ, ಆದರೆ ಆಟವು ಅದನ್ನು ಲೆಕ್ಕವಿಟ್ಟಿರುತ್ತದೆ. ಬಲವನ್ನು ಮಾತ್ರ ಅಳೆಯುತ್ತಿದ್ದ ಸಂಖ್ಯೆಗಳಿಂದ ಇಲ್ಲಿ ನಡತೆಯನ್ನೂ ಅಳೆಯಲಾಯಿತು. ಶೀರ್ಷಿಕೆಯಲ್ಲಿರುವ ಪದವು ಸಂಸ್ಕೃತದ ಅವತಾರ ಶಬ್ದವೇ ಆಗಿದೆ. ಪರದೆಯ ಮೇಲೆ ಆಟಗಾರರನ್ನು ಪ್ರತಿನಿಧಿಸುವ ರೂಪಕ್ಕೆ ಈ ಹೆಸರು ಬಳಕೆಗೆ ಬರುವಲ್ಲಿ ಈ ಆಟದ ಪಾಲೂ ಇದೆ.

ಜಪಾನಿನ ಪರಂಪರೆ

ವಿಝರ್ಡ್ರಿ ಮತ್ತು ಅಲ್ಟಿಮಾ ಎರಡನ್ನೂ ಮೆಚ್ಚಿದ್ದ ಯೂಜಿ ಹೋರಿಯಿ, ಅಲ್ಟಿಮಾದ ಭೂಪಟವನ್ನೂ ವಿಝರ್ಡ್ರಿಯ ಯುದ್ಧಕ್ರಮವನ್ನೂ ಜೋಡಿಸಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಆಟವನ್ನು ರೂಪಿಸಿದರು. ಇದಕ್ಕೆ ಅಕಿರಾ ತೋರಿಯಾಮಾ ಚಿತ್ರಗಳನ್ನೂ ಕೋಯಿಚಿ ಸುಗಿಯಾಮಾ ಸಂಗೀತವನ್ನೂ ಒದಗಿಸಿದರು. ಕೀಲಿಮಣೆಯಿಲ್ಲದ, ಕೆಲವೇ ಗುಂಡಿಗಳಿರುವ ನಿಂಟೆಂಡೊ ಫ್ಯಾಮಿಕಾಮ್ ಯಂತ್ರಕ್ಕೆ ಹೊಂದುವಂತೆ ಆಟವನ್ನು ಸರಳಗೊಳಿಸಲಾಯಿತು. ಅದುವರೆಗೆ ಕಂಪ್ಯೂಟರ್ ಹವ್ಯಾಸಿಗಳಿಗೆ ಸೀಮಿತವಾಗಿದ್ದ ಪ್ರಕಾರವು ಇದರಿಂದ ಜಪಾನಿನ ಸಾಮಾನ್ಯ ಮನೆಗಳನ್ನು ತಲುಪಿತು.

1987ರಲ್ಲಿ ಹಿರೊನೊಬು ಸಕಾಗುಚಿ ಅವರ ನೇತೃತ್ವದಲ್ಲಿ ಫೈನಲ್ ಫ್ಯಾಂಟಸಿ ಸರಣಿ ಆರಂಭವಾಯಿತು. ಅದರ ಏಳನೆಯ ಆಟವು 1997ರಲ್ಲಿ ಪ್ಲೇಸ್ಟೇಷನ್‌ಗಾಗಿ ಮೂರು ಸಿ.ಡಿ.ಗಳಲ್ಲಿ ಬಂದು, ಜಪಾನಿನ ಹೊರಗೆ ಈ ಶೈಲಿಗೆ ದೊಡ್ಡ ಪ್ರೇಕ್ಷಕವರ್ಗವನ್ನು ದೊರಕಿಸಿತು. ಆಟಗಾರರು ಗಂಟೆಗಟ್ಟಲೆ ಶ್ರಮಿಸಿ ಬೆಳೆಸಿದ ಏರಿತ್ ಎಂಬ ಪಾತ್ರವು ಕಥೆಯ ನಡುವೆ ಸಾಯುತ್ತದೆ. ಎಷ್ಟೇ ಅಂಕ ಗಳಿಸಿದ್ದರೂ ಅದನ್ನು ತಪ್ಪಿಸಲಾಗದು. ಆಟಗಾರರು ಹೂಡಿದ ಶ್ರಮವನ್ನೇ ಕಥೆಯ ದುಃಖವಾಗಿ ಬದಲಿಸಿದ ಈ ಸನ್ನಿವೇಶವು ವಿಡಿಯೊ ಗೇಮ್‌ಗಳ ಕಥನದ ಕುರಿತ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ.

1996ರಲ್ಲಿ ಗೇಮ್ ಬಾಯ್‌ಗಾಗಿ ಬಿಡುಗಡೆಯಾದ ಪೋಕೆಮಾನ್ ರೆಡ್ ಮತ್ತು ಗ್ರೀನ್, ಬೆಳವಣಿಗೆಯ ನಿಯಮಕ್ಕೆ ಸಂಗ್ರಹವನ್ನು ಸೇರಿಸಿದವು. ಇವುಗಳ ನಿರ್ಮಾತೃ ಸತೋಶಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದವರು. ಕೆಲವು ಜೀವಿಗಳು ಎರಡು ಆವೃತ್ತಿಗಳ ಪೈಕಿ ಒಂದರಲ್ಲಿ ಮಾತ್ರ ಸಿಗುತ್ತವೆ. ಸಂಗ್ರಹ ಪೂರ್ಣವಾಗಬೇಕಾದರೆ ಇನ್ನೊಬ್ಬ ಆಟಗಾರರ ಯಂತ್ರಕ್ಕೆ ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಲೇಬೇಕಿತ್ತು.

ಆಯ್ಕೆ ಮತ್ತು ಪರಿಣಾಮ

1996-97ರ ಸಂಧಿಕಾಲದಲ್ಲಿ ಬಂದ ಡಯಾಬ್ಲೊ, ರೋಗ್ ಪರಂಪರೆಯ ಯಾದೃಚ್ಛಿಕ ನೆಲಮಾಳಿಗೆಗಳನ್ನು ಉಳಿಸಿಕೊಂಡು ಸರದಿಯ ಯುದ್ಧವನ್ನು ಬಿಟ್ಟು, ಮೌಸ್ ಒತ್ತಿದಂತೆಲ್ಲ ನಡೆಯುವ ವೇಗದ ಕಾಳಗವನ್ನು ತಂದಿತು. ಇದು ಲೆಕ್ಕಾಚಾರದ ದಾರಿಯನ್ನು ಅದರ ತುದಿಗೆ ಕೊಂಡೊಯ್ದ ಆಟ: ಇನ್ನೂ ಉತ್ತಮವಾದ ಆಯುಧದ ಹುಡುಕಾಟವೇ ಇಲ್ಲಿ ಮುಖ್ಯ ಆಕರ್ಷಣೆ.

ಇದೇ ಕಾಲದಲ್ಲಿ ಬೇರೆ ಕೆಲವು ಆಟಗಳು ವಿರುದ್ಧ ದಿಕ್ಕಿನಲ್ಲಿ ಸಾಗಿದವು. ಅಣುಯುದ್ಧಾನಂತರದ ಪಾಳು ಭೂಮಿಯಲ್ಲಿ ನಡೆಯುವ 1997ರ ಫಾಲ್‌ಔಟ್‌ನಲ್ಲಿ ಪಾತ್ರದ ಬುದ್ಧಿಶಕ್ತಿಯ ಅಂಕ ತೀರ ಕಡಿಮೆಯಿದ್ದರೆ ಆಡಲು ದೊರೆಯುವ ಮಾತುಗಳೇ ಬದಲಾಗುತ್ತವೆ. ಅಂತಿಮ ಎದುರಾಳಿಯನ್ನು ಹೋರಾಡದೆ ಮಾತಿನಿಂದಲೇ ಮಣಿಸಬಹುದು. ಆಟ ಮುಗಿದಾಗ ಆಟಗಾರರು ಹಾದುಬಂದ ಊರುಗಳಿಗೆ ಮುಂದೇನಾಯಿತೆಂಬುದನ್ನು ತಿಳಿಸಲಾಗುತ್ತದೆ. 1998ರ ಬಾಲ್ಡರ್ಸ್ ಗೇಟ್ ಮತ್ತು 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಸಂಭಾಷಣೆಗೂ ಸಹಚರರ ವ್ಯಕ್ತಿತ್ವಕ್ಕೂ ಇದೇ ಬಗೆಯ ಮಹತ್ವ ಕೊಟ್ಟವು. 2019ರ ಡಿಸ್ಕೊ ಎಲಿಸಿಯಂ ಮತ್ತು 2023ರ ಬಾಲ್ಡರ್ಸ್ ಗೇಟ್ 3 ಈ ಧಾರೆಯ ಇತ್ತೀಚಿನ ಪ್ರಮುಖ ಆಟಗಳು.

ಸಾಮೂಹಿಕ ಆಟಗಳು ಮತ್ತು ಮುಕ್ತ ಲೋಕ

ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಆರಂಭವಾದ ಎಂಯುಡಿ ಎಂಬ ಪಠ್ಯರೂಪದ ಆಟವು ಹಲವರು ಒಂದೇ ಲೋಕದಲ್ಲಿ ಸೇರುವ ಮಾದರಿಯನ್ನು ಒದಗಿಸಿತ್ತು. ಅಲ್ಟಿಮಾ ಆನ್‌ಲೈನ್, ಎವರ್‌ಕ್ವೆಸ್ಟ್ ಮತ್ತು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇದನ್ನು ಅಂತರ್ಜಾಲದಲ್ಲಿ ಬೃಹತ್ತಾಗಿ ಬೆಳೆಸಿದವು. ನಿರ್ವಾಹಕರಿಂದ ಸಿಗುತ್ತಿದ್ದ ಅನಿರೀಕ್ಷಿತತೆಯನ್ನು ಇಲ್ಲಿ ಇತರ ಆಟಗಾರರೇ ಒದಗಿಸುತ್ತಾರೆ.

ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮಾರೊವಿಂಡ್ (2002) ಮತ್ತು ಸ್ಕೈರಿಮ್ (2011) ಆಟಗಳಲ್ಲಿ ಮುಖ್ಯ ಕಥೆಯನ್ನು ಬದಿಗಿಟ್ಟು ಇಷ್ಟಬಂದ ದಿಕ್ಕಿಗೆ ಹೋಗಬಹುದು. ಯಾವ ಕೌಶಲವನ್ನು ಬಳಸುತ್ತಾರೋ ಅದೇ ಬೆಳೆಯುತ್ತದೆ. ಹಿದೆತಾಕ ಮಿಯಾಝಾಕಿ ನಿರ್ದೇಶನದ ಡೀಮನ್ಸ್ ಸೋಲ್ಸ್ (2009) ಮತ್ತು ಡಾರ್ಕ್ ಸೋಲ್ಸ್ (2011) ಸೋಲನ್ನೇ ಕಲಿಕೆಯ ಸಾಧನವಾಗಿಸಿದವು. ಪಾತ್ರ ಸತ್ತಾಗ ಖರ್ಚು ಮಾಡದ ಸೋಲ್ಸ್ ಎಂಬ ಗಳಿಕೆಯು ಸತ್ತ ಸ್ಥಳದಲ್ಲೇ ಉಳಿಯುತ್ತದೆ. ಅಲ್ಲಿಗೆ ಮರಳಿ ತಲುಪುವ ಮೊದಲೇ ಮತ್ತೊಮ್ಮೆ ಸತ್ತರೆ ಅದು ಶಾಶ್ವತವಾಗಿ ನಷ್ಟವಾಗುತ್ತದೆ. ಇಂತಹ ಆಟಗಳಿಗೆ ಸೋಲ್ಸ್‌ಲೈಕ್ ಎಂಬ ಹೆಸರು ರೂಢಿಯಾಗಿದೆ.

ಪ್ರಕಾರದ ಹೊರಗಿನ ಪ್ರಭಾವ

ಅನುಭವದ ಅಂಕ ಮತ್ತು ಹಂತಗಳ ಪದ್ಧತಿಯು ಇಂದು ಈ ಪ್ರಕಾರಕ್ಕೆ ಸೀಮಿತವಾಗಿಲ್ಲ. 2007ರ ಕಾಲ್ ಆಫ್ ಡ್ಯೂಟಿ 4ರಂತಹ ಗುಂಡಿನ ಕಾಳಗದ ಆಟದಲ್ಲೂ ಆಟಗಾರರು ಅಂಕ ಗಳಿಸಿ ಹಂತ ಏರುತ್ತಾರೆ. ಭಾಷೆ ಕಲಿಸುವ ಮತ್ತು ವ್ಯಾಯಾಮ ಮಾಡಿಸುವ ಮೊಬೈಲ್ ಆ್ಯಪ್‌ಗಳೂ ಇದೇ ಪದ್ಧತಿಯನ್ನು ಬಳಸುತ್ತವೆ.

ಇದರಿಂದ ಪ್ರಕಾರದ ಗಡಿಯನ್ನು ಗುರುತಿಸುವುದು ಕಷ್ಟವಾಗಿದೆ. ಅಂಕಗಳನ್ನೇ ಲಕ್ಷಣವೆಂದು ಭಾವಿಸಿದರೆ ಬಹುಪಾಲು ಆಧುನಿಕ ಆಟಗಳು ಪಾತ್ರಾಭಿನಯದ ಆಟಗಳೆನಿಸುತ್ತವೆ. ಆಟಗಾರರ ನಿರ್ಧಾರಕ್ಕೆ ಲೋಕವು ಪ್ರತಿಕ್ರಿಯಿಸುವುದನ್ನೇ ಲಕ್ಷಣವೆಂದು ಭಾವಿಸಿದರೆ, ಕಥೆ ಮೊದಲೇ ನಿಗದಿಯಾಗಿರುವ ಹಲವು ಪ್ರಸಿದ್ಧ ಆಟಗಳು ಹೊರಗುಳಿಯುತ್ತವೆ. ನಿರ್ವಾಹಕರ ಎರಡು ಕೆಲಸಗಳ ಪೈಕಿ ಲೆಕ್ಕಾಚಾರವು ಸುಲಭವಾಗಿ ಅನುಕರಣೆಗೆ ಸಿಕ್ಕಿ ಎಲ್ಲೆಡೆ ಹರಡಿತು. ಪ್ರತಿಕ್ರಿಯೆಗೆ ಮಾತ್ರ ಪ್ರತಿಯೊಂದು ಆಯ್ಕೆಯ ಪರಿಣಾಮವನ್ನೂ ಯಾರಾದರೂ ಮುಂಚಿತವಾಗಿ ಯೋಚಿಸಿ ಬರೆದಿರಬೇಕಾಗುತ್ತದೆ. ಆದ್ದರಿಂದಲೇ ಅಲ್ಟಿಮಾ IV ಮತ್ತು ಫಾಲ್‌ಔಟ್‌ನಂತಹ ಆಟಗಳಿಗೆ ರೋಗ್ ಅಥವಾ ಡಯಾಬ್ಲೊಗಿಂತ ಕಡಿಮೆ ಅನುಕರಣೆಗಳಿದ್ದರೂ, ಪಾತ್ರಾಭಿನಯ ಎಂಬ ಹೆಸರಿನ ಅರ್ಥವನ್ನು ಚರ್ಚಿಸುವಾಗ ಅವುಗಳನ್ನೇ ಮತ್ತೆ ಮತ್ತೆ ನೆನೆಯಲಾಗುತ್ತದೆ.