ನೆಲದ ದಾರಿಯೋ, ಬಾನಿನ ದಾರಿಯೋ?

ಕುಟುಂಬಸಮೇತ ಪ್ರವಾಸ ಹೊರಡುವುದು ಸಿರಿವಂತರಿಗೆ ವಾಡಿಕೆ. ನಮ್ಮಂಥವರಿಗೆ ಅದೊಂದು ಸಮಾರಂಭ. ನನ್ನ ತಂದೆಯವರು ಬಾಳೆಹೊನ್ನೂರಿನ ಬಳಿಯ ಕಾಫಿ ತೋಟವೊಂದರಲ್ಲಿ ಜೀಪು ಚಾಲಕರು. ಕೊಯ್ಲು ಮುಗಿದು ಹೂಮಳೆ ಬೀಳುವುದರೊಳಗಾಗಿ ಅವರಿಗೆ ಸಿಕ್ಕುವ ರಜೆ ನಾಲ್ಕೇ ದಿನ. ಕಳೆದ ವರ್ಷ ಆ ನಾಲ್ಕು ದಿನಗಳಲ್ಲಿ ಬೆಂಗಳೂರಿನ ಬನಶಂಕರಿಯಲ್ಲಿರುವ ಅತ್ತೆಯ ಮನೆಗೆ ಹೋಗಿ, ಅಜ್ಜಿಗೆ ಲಾಲ್‌ಬಾಗನ್ನೂ ವಿಧಾನಸೌಧವನ್ನೂ ತೋರಿಸಬೇಕೆಂದು ನಿಶ್ಚಯವಾಯಿತು. ಹೋಗುವುದು ಹೇಗೆ? ಚಿಕ್ಕಪ್ಪನ ಕಾರಿನಲ್ಲೋ, ವಿಮಾನದಲ್ಲೋ? ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಲೆಕ್ಕ ಹಾಕುವ ಭಾರ ನನ್ನ ಮೇಲೆ ಬಿತ್ತು. ಆ ಲೆಕ್ಕದ ರೀತಿಯನ್ನು ಸಹಪಾಠಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದೆ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. 1925ರಷ್ಟು ಹಿಂದೆಯೇ ಕಾಫಿ ಸಂಶೋಧನಾ ಕೇಂದ್ರವನ್ನು ಪಡೆದ ನಮ್ಮೂರಿಗೆ ಇಂದಿಗೂ ರೈಲು ಬಂದಿಲ್ಲ. ಅಂತಹುದರಲ್ಲಿ ವಿಮಾನದ ಮಾತೆಲ್ಲಿ! ಆದರೆ ನಮ್ಮ ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ, ವಿಮಾನವು ಸಾಮಾನ್ಯನಿಗೂ ಎಟುಕಬಲ್ಲದೆಂದು ತೋರಿಸಿದರು. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿಗೆ ಸಂಚಾರ ಮೊದಲಾಯಿತು. ಅಂದಿನಿಂದ ನಮ್ಮ ಕಡೆಯವರ ಮಾತಿನಲ್ಲಿಯೂ ವಿಮಾನ ಸೇರಿಕೊಂಡಿತು.

ಮೊದಲನೆಯದು ಕಾಲದ ಲೆಕ್ಕ. ವಿಮಾನವು ಬೆಂಗಳೂರು ಮುಟ್ಟಲು ಒಂದು ಗಂಟೆ ಅಥವಾ ತುಸು ಹೆಚ್ಚು ಸಾಕು ಎಂಬುದು ನಿಜ. ಆದರೆ ಪ್ರಯಾಣವು ರನ್‌ವೇಯಲ್ಲಿ ಆರಂಭವಾಗುವುದಿಲ್ಲ, ನಮ್ಮ ಮನೆಯ ಹೊಸಿಲಲ್ಲಿ ಆರಂಭವಾಗುತ್ತದೆ. ನರಸಿಂಹರಾಜಪುರದ ಮಾರ್ಗವಾಗಿ ಸೋಗಾನೆಗೆ ಎರಡು ಗಂಟೆ. ತಪಾಸಣೆ, ಕಾಯುವಿಕೆಗಳಿಗೆ ಒಂದೂವರೆ ಗಂಟೆ. ಇಳಿದ ಮೇಲೆ ಪೆಟ್ಟಿಗೆಗಳು ಕೈಸೇರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಇಡೀ ನಗರವನ್ನು ದಾಟಿ ಬನಶಂಕರಿ ಸೇರಲು ಎರಡು ಗಂಟೆ. ಕೂಡಿದರೆ ಏಳು ಗಂಟೆ! ಚಿಕ್ಕಮಗಳೂರು, ಹಾಸನಗಳ ಮೇಲೆ ಕಾರಿನಲ್ಲಿ ಸುಮಾರು 300 ಕಿಲೋಮೀಟರು ಹೋದರೂ ಹೆಚ್ಚು ಕಡಿಮೆ ಅದೇ ಏಳು ಗಂಟೆ. ದೆಹಲಿಗೆ ಹೋಗುವವನ ಲೆಕ್ಕ ಬೇರೆ. ಬೆಂಗಳೂರಿನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ. ವಿಮಾನಕ್ಕೆ ಸುಮಾರು ಮೂರು ಗಂಟೆ. ದಾರಿ ಉದ್ದವಾದಷ್ಟೂ ರೆಕ್ಕೆಗೆ ಲಾಭ. ದಾರಿ ಗಿಡ್ಡವಾದರೆ ನಿಲ್ದಾಣದ ಎರಡು ತುದಿಗಳೇ ಆ ಲಾಭವನ್ನು ನುಂಗಿಬಿಡುತ್ತವೆ.

ಎರಡನೆಯದು ಹಣದ ಲೆಕ್ಕ. ವಿಮಾನವು ತಲೆ ಎಣಿಸುತ್ತದೆ, ಕಾರು ತಲೆ ಎಣಿಸುವುದಿಲ್ಲ. ಲೀಟರಿಗೆ ಹದಿನೈದು ಕಿಲೋಮೀಟರು ಓಡುವ ಕಾರಿಗೆ ಹೋಗಲು ಇಪ್ಪತ್ತು ಲೀಟರು, ಬರಲು ಇಪ್ಪತ್ತು ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಯೆಂದರೆ 4,000 ರೂಪಾಯಿ. ಸುಂಕವೂ ಊಟವೂ ಸೇರಿದರೆ 6,000. ಒಬ್ಬರೇ ಹೋದರೂ ಅಷ್ಟೇ, ಐವರು ಹೋದರೂ ಅಷ್ಟೇ. ವಿಮಾನದ ಟಿಕೆಟು ಒಂದಕ್ಕೆ 3,000 ಎಂದಿಟ್ಟುಕೊಂಡರೂ ಐವರಿಗೆ ಹೋಗಿಬರಲು 30,000. ವ್ಯತ್ಯಾಸದ ಮೊತ್ತವು ನಮ್ಮಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಅದು ತಂಗಿಯನ್ನು ಕಾಲೇಜಿಗೆ ಸೇರಿಸಲೆಂದು ಕೂಡಿಟ್ಟ ಹಣ.

ಮೂರನೆಯದು ದೇಹದ ಲೆಕ್ಕ. ಅಮ್ಮನಿಗೆ ತಿರುವಿನ ರಸ್ತೆಯೆಂದರೆ ವಾಂತಿ. ವಿಮಾನದಿಂದ ಅದು ತಪ್ಪೀತೆಂದು ನಾನು ಎಣಿಸಿದ್ದೆ. ಆದರೆ ಸೋಗಾನೆಗೆ ಹೋಗುವಾಗಲೂ ತಿರುವು, ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗುವಾಗಲೂ ತಿರುವು! ಅಜ್ಜಿಗೆ ಮಂಡಿನೋವು. ಕೇಳಿಕೊಂಡರೆ ವಿಮಾನದವರು ಗಾಲಿಕುರ್ಚಿ ಕೊಡುತ್ತಾರೆ. ಕಾರಿನವರು ಬೇಕೆಂದಲ್ಲಿ ನಿಲ್ಲಿಸಬಹುದು. ಹಾಗೆ ನಿಲ್ಲಿಸುವುದಾದರೆ ದಾರಿಯಲ್ಲೇ ಬೇಲೂರಿದೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ತನ್ನ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಚೆನ್ನಕೇಶವನ ಗುಡಿಯನ್ನು ಆಕಾಶದಿಂದ ನೋಡಲಾದೀತೆ?

ಇಷ್ಟಾದ ಮೇಲೆ ಕಾರೇ ಗೆದ್ದಿತೆಂದು ನಾನು ಕಾಗದ ಮಡಿಸುವುದರಲ್ಲಿದ್ದೆ. ಆಗ ತಂಗಿ, “ಅಣ್ಣಾ, ನಾಲ್ಕು ದಿನದಲ್ಲಿ ಎರಡು ದಿನ ಅಪ್ಪ ಸ್ಟಿಯರಿಂಗ್ ಹಿಡಿದೇ ಇರಬೇಕು. ಅಪ್ಪನಿಗೆ ರಜೆ ಯಾವಾಗ?” ಎಂದು ಕೇಳಿದಳು. ನನ್ನ ಲೆಕ್ಕದಲ್ಲಿ ಪೆಟ್ರೋಲಿತ್ತು, ಸುಂಕವಿತ್ತು, ಚಾಲಕನ ಆಯಾಸವಿರಲಿಲ್ಲ. ಅದು ಕೇವಲ ಕನಿಕರದ ಮಾತಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರಕಾರದ ವರದಿಯೇ ಹೇಳುತ್ತದೆ. ತೂಕಡಿಸುವ ಚಾಲಕನ ಕೈಗೆ ಮನೆಮಂದಿಯನ್ನೆಲ್ಲ ಒಪ್ಪಿಸುವ ಅಗ್ಗದ ಪ್ರಯಾಣವು ಅಗ್ಗವೇ ಅಲ್ಲ.

ಕಡೆಗೆ ಒಂದು ಒಪ್ಪಂದವಾಯಿತು. ಕಾರಿನಲ್ಲೇ ಹೋಗುವುದು, ಬೆಳಗ್ಗೆ ಹೊರಟು ಹಗಲಿನಲ್ಲೇ ತಲಪುವುದು, ಬೇಲೂರಿನಲ್ಲಿ ಇಳಿದು ವಿಶ್ರಮಿಸುವುದು, ತಿರುವಿನ ದಾರಿ ಅಪ್ಪನದು, ಹಾಸನದಿಂದಾಚೆಯ ಹೆದ್ದಾರಿ ನನ್ನದು. ನನಗೆ ಲೈಸೆನ್ಸು ಬಂದು ವರ್ಷವಾಗಿದ್ದರೂ ಅಪ್ಪ ಅದುವರೆಗೆ ಕೀಲಿಕೈ ಕೊಟ್ಟಿರಲಿಲ್ಲ. “ಓದುವವನಿಗೆ ಇದೆಲ್ಲ ಯಾಕೆ ಮಗಾ?” ಎನ್ನುತ್ತಿದ್ದರು.

ನನ್ನಂತೆ ಲೆಕ್ಕಕ್ಕೆ ಕುಳಿತುಕೊಳ್ಳುವ ಮಿತ್ರರಿಗೆ ನನ್ನ ಸೂಚನೆ ಇಷ್ಟೆ: ಕಾಲವನ್ನು ಮನೆಯಿಂದ ಮನೆಗೆ ಎಣಿಸಿರಿ, ಹಣವನ್ನು ತಲೆಯಿಂದ ಗುಣಿಸಿರಿ, ಹೊರಡುವವರಲ್ಲಿ ಎಲ್ಲರಿಗಿಂತ ನಿಶ್ಶಕ್ತರು ಯಾರೆಂದು ವಿಚಾರಿಸಿರಿ, ವಾಹನ ನಡೆಸುವವನೂ ಒಬ್ಬ ಪ್ರಯಾಣಿಕನೆಂಬುದನ್ನು ಮರೆಯದಿರಿ. ಆಮೇಲೆ ಉತ್ತರವು ಕಾರೆಂದು ಬಂದರೂ ಸರಿಯೇ, ವಿಮಾನವೆಂದು ಬಂದರೂ ಸರಿಯೇ.

ಹಾಸನ ದಾಟಿದ ಮೇಲೆ ಅಪ್ಪ ನನ್ನ ಪಕ್ಕದಲ್ಲಿ ಕುಳಿತು, ಸ್ವಲ್ಪ ಹೊತ್ತು ತಮ್ಮ ಕಾಲಿನಿಂದಲೇ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಚನ್ನರಾಯಪಟ್ಟಣ ಕಳೆಯುವಾಗ ಕಿಟಕಿಯ ಆಚೆ ನೋಡತೊಡಗಿದರು. ಕುಣಿಗಲ್ಲು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.