ತೊಗರಿಯ ಬೇರು ಮತ್ತು ಅದರ ಅಣುಜೀವಿಗಳು

ಕಲಬುರಗಿಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎರೆ ಹೊಲಗಳಲ್ಲಿ ಮುಂಗಾರಿನ ಹದಕ್ಕೆ ಬಿತ್ತಿದ ತೊಗರಿ ಬೇರು ಬಿಡುವ ಹೊತ್ತಿಗೆ, ಆ ಬೇರಿನ ಸುತ್ತಲಿನ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ನೆಲೆಸಿರುತ್ತವೆ. ಅವುಗಳಲ್ಲಿ ಕೆಲವು ಗಿಡಕ್ಕೆ ಪೋಷಕಾಂಶ ಒದಗಿಸುವಂಥವು, ಕೆಲವು ಗಿಡವನ್ನೇ ಒಣಗಿಸುವಂಥವು, ಇನ್ನು ಹಲವು ಗಿಡದ ಗೊಡವೆಗೇ ಹೋಗದಂಥವು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಗುಣಕ್ಕೆ ಈ ಸೀಮೆಯ ಸುಣ್ಣದಂಶದ ನೆಲವೇ ಕಾರಣವೆಂದು ಹೇಳುವುದು ವಾಡಿಕೆ. ಆ ಮಾತು ಸರಿಯಾದದ್ದೇ ಆದರೂ, ನೆಲವೆಂದರೆ ಕಲ್ಲಿನ ಸವಕಲು ಮಾತ್ರವಲ್ಲ, ಅದರೊಳಗಿನ ಜೀವಿಗಳೂ ಹೌದು ಎಂಬುದನ್ನು ಸೇರಿಸದೆ ತೊಗರಿಯ ಬಾಳನ್ನು ವಿವರಿಸಲಾಗದು.

ಗಾಳಿಯ ನೂರರಲ್ಲಿ ಸುಮಾರು 78 ಪಾಲು ಸಾರಜನಕವೇ ಆಗಿದ್ದರೂ ಯಾವ ಗಿಡವೂ ತಾನಾಗಿ ಅದನ್ನು ಬಳಸಿಕೊಳ್ಳಲಾರದು. ದ್ವಿದಳ ಧಾನ್ಯದ ಗಿಡಗಳು ಬೇರಿನ ಗಂಟುಗಳಲ್ಲಿರುವ ಜೀವಿಗಳ ನೆರವಿನಿಂದ ಆ ಸಾರಜನಕವನ್ನು ಪಡೆಯುತ್ತವೆ ಎಂಬುದನ್ನು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ತೋರಿಸಿದರು. 1888ರಲ್ಲಿ ಬೈಯರಿಂಕ್ ಎಂಬ ವಿಜ್ಞಾನಿ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ತೊಗರಿಯ ಬೇರಿನಲ್ಲಿ ಹೆಚ್ಚಾಗಿ ಕಾಣುವುದು ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಬೇರು ಮಣ್ಣಿಗೆ ಸೂಸುವ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಗುರುತಿಸಿದ ಬ್ಯಾಕ್ಟೀರಿಯಾ ಅದಕ್ಕೆ ಉತ್ತರವಾಗಿ ತನ್ನದೇ ಒಂದು ಸಂಕೇತದ ಅಣುವನ್ನು ಬಿಡುಗಡೆ ಮಾಡುತ್ತದೆ; ಅದನ್ನು ಬೇರು ಒಪ್ಪಿಕೊಂಡರೆ ಬೇರುರೋಮ ಸುರುಳಿಯಾಗಿ ಬಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಒಳಗಿನ ಜೀವಕೋಶಗಳು ಒಡೆದು ಬೆಳೆದು ಗಂಟು ಮೂಡುತ್ತದೆ. ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಡುಕು, ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೇ ಬೇಕು. ಈ ತೊಡಕನ್ನು ಬಿಡಿಸುವುದು ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹೀಮೋಗ್ಲೋಬಿನ್. ಚೆನ್ನಾಗಿ ದುಡಿಯುವ ಗಂಟನ್ನು ಸೀಳಿದರೆ ಒಳಗೆ ಕಾಣುವ ನಸುಗೆಂಪು ಬಣ್ಣ ಅದರದೇ.

ಈ ಒಡನಾಟದ ಮುಖ್ಯ ಲಕ್ಷಣವೊಂದನ್ನು ಹೋಲಿಕೆಯೊಂದರಿಂದ ತಿಳಿಯಬಹುದು. ಸಸ್ಯಹೇನಿನ ಮೈಯಲ್ಲಿ ವಾಸಿಸುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ತಾಯಿಯಿಂದ ಮರಿಗೆ ನೇರವಾಗಿ ದಾಟುತ್ತದೆ. ಆದ್ದರಿಂದ ಹೇನಿನ ವಂಶ ಬೆಳೆದರಷ್ಟೇ ಬುಕ್ನೆರಾದ ವಂಶಕ್ಕೂ ಉಳಿವು. ತೊಗರಿಯ ಸಂಗತಿ ಹಾಗಲ್ಲ. ತೊಗರಿಯ ಕಾಳು ತನ್ನ ಗಂಟಿನ ಬ್ಯಾಕ್ಟೀರಿಯಾವನ್ನು ಹೊತ್ತು ಹುಟ್ಟುವುದಿಲ್ಲ. ಪ್ರತಿ ಮುಂಗಾರಿನಲ್ಲಿಯೂ ಪ್ರತಿಯೊಂದು ಸಸಿಯೂ ಆ ಹೊಲದ ಮಣ್ಣಿನಿಂದಲೇ ತನ್ನ ಜೊತೆಗಾರರನ್ನು ಹೊಸದಾಗಿ ಆರಿಸಿಕೊಳ್ಳಬೇಕು. ಹೀಗಿರುವಾಗ, ಗಿಡದ ಸಕ್ಕರೆಯನ್ನು ಉಂಡು ಸಾರಜನಕವನ್ನು ಕೊಡದ ಬ್ಯಾಕ್ಟೀರಿಯಾ ಏಕೆ ಮಣ್ಣನ್ನು ತುಂಬಿಕೊಂಡಿಲ್ಲ ಎಂಬ ಪ್ರಶ್ನೆ ಸಹವಿಕಾಸದ, ಅಂದರೆ ಎರಡು ಜೀವಿಗಳು ಪರಸ್ಪರರನ್ನು ತಿದ್ದುತ್ತ ವಿಕಾಸಗೊಳ್ಳುವ ಬಗೆಯ, ಅಧ್ಯಯನಕ್ಕೆ ಬುಡದ ಪ್ರಶ್ನೆಯಾಗುತ್ತದೆ. ಟೋಬಿ ಕೀರ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸೋಯಾ ಅವರೆಯ ಪ್ರಯೋಗದಲ್ಲಿ, ಕೆಲವು ಗಂಟುಗಳ ಸುತ್ತಲಿನ ಗಾಳಿಯಿಂದ ಸಾರಜನಕವನ್ನು ತೆಗೆದು ಆರ್ಗಾನ್ ಅನಿಲವನ್ನು ತುಂಬಿ, ಬ್ಯಾಕ್ಟೀರಿಯಾ ಬಯಸಿದರೂ ಕೊಡಲಾಗದಂತೆ ಮಾಡಲಾಯಿತು. ಆ ಗಂಟುಗಳೊಳಗೆ ಬ್ಯಾಕ್ಟೀರಿಯಾದ ಸಂತಾನ ಸರಿಸುಮಾರು ಅರ್ಧಕ್ಕೆ ಇಳಿಯಿತು, ಗಿಡವು ಅಲ್ಲಿಗೆ ಆಮ್ಲಜನಕದ ಹರಿವನ್ನು ತಗ್ಗಿಸಿದ್ದಕ್ಕೆ ಕುರುಹುಗಳೂ ದೊರೆತವು. ಕೊಡದವರಿಗೆ ಕಡಿತ ಮಾಡುವ ಇಂಥ ಏರ್ಪಾಡೇ ಮಣ್ಣಿನಲ್ಲಿ ದುಡಿಯುವ ತಳಿಗಳನ್ನು ಉಳಿಸಿಕೊಂಡು ಬಂದಿದೆ ಎಂಬುದು ಈವರೆಗಿನ ವಿವರಣೆಗಳಲ್ಲಿ ಹೆಚ್ಚು ಬಲವಾದದ್ದು. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡವು ಗಂಟು ಕಟ್ಟುವುದನ್ನೇ ಕಡಿಮೆ ಮಾಡುವುದರಿಂದ, ಯೂರಿಯಾ ಎರಚಿದ ಹೊಲದಲ್ಲಿ ಈ ಆಯ್ಕೆಯೂ ಸಡಿಲವಾಗುತ್ತದೆ.

ಬ್ಯಾಕ್ಟೀರಿಯಾದ ಕಡೆಯಿಂದ ನೋಡಿದರೆ ವಿಕಾಸದ ವೇಗವೇ ಬೇರೆ. ನ್ಯೂಜಿಲೆಂಡಿನಲ್ಲಿ ಸಲಿವನ್, ರಾನ್ಸನ್ ಮತ್ತವರ ಸಂಗಡಿಗರು 1995ರಲ್ಲಿ ತೋರಿಸಿದಂತೆ, ಹೊರಗಿನಿಂದ ತಂದು ಹೊಲಕ್ಕೆ ಬಿಟ್ಟ ಒಂದು ತಳಿಯ ಸಹಜೀವನದ ವಂಶವಾಹಿಗಳ ಗೊಂಚಲು ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಕೆಲವೇ ವರ್ಷಗಳಲ್ಲಿ ದಾಟಿ, ಅವುಗಳನ್ನು ಗಂಟು ಕಟ್ಟುವ ಜೀವಿಗಳನ್ನಾಗಿ ಮಾಡಿತ್ತು. ಬೆಲ್ಲದ ಅಂಟಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪುಡಿಯನ್ನು ಕಲಸಿ, ಕಾಳಿಗೆ ಲೇಪಿಸಿ, ನೆರಳಲ್ಲಿ ಒಣಗಿಸಿ ಬಿತ್ತುವ ಬೀಜೋಪಚಾರದ ಫಲ ಹೊಲದಿಂದ ಹೊಲಕ್ಕೆ ಬದಲಾಗುವುದನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು: ಹೊಸದಾಗಿ ಬಂದ ತಳಿ ಆ ಮಣ್ಣಿನಲ್ಲಿ ಮೊದಲೇ ನೆಲೆಯೂರಿದ ತಳಿಗಳೊಡನೆ ಪೈಪೋಟಿ ನಡೆಸಿ ಬೇರನ್ನು ತಲುಪಬೇಕು.

ಗಂಟಿನ ಒಡನಾಟಕ್ಕಿಂತ ಹಳೆಯದು ಮೈಕೋರೈಜಾ, ಅಂದರೆ ಬೇರಿನೊಳಗೆ ಹೊಕ್ಕು ಮಣ್ಣಿನ ರಂಜಕವನ್ನು ಎಳೆದು ತರುವ ಶಿಲೀಂಧ್ರಗಳ ಒಡನಾಟ. ಅದಕ್ಕೆ 40 ಕೋಟಿ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಸುಣ್ಣದಂಶದ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುವ ಈ ಭಾಗದಲ್ಲಿ ಅದರ ನೆರವು ಸಣ್ಣದಲ್ಲ. ಗಂಟು ಕಟ್ಟುವಾಗ ಬೇರು ಬಳಸುವ ಸಂಕೇತಗಳ ದಾರಿಯಲ್ಲಿ ಒಂದು ಭಾಗ ಈ ಹಳೆಯ ಒಡನಾಟದಿಂದಲೇ ಎರವಲು ಬಂದದ್ದು.

ಬೇರನ್ನು ಹೊಗುವ ಎಲ್ಲರೂ ಒಡನಾಡಿಗಳಲ್ಲ. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಬಿಡುವುದರಿಂದ, ಹೂ ಕಾಯಿ ಹೊತ್ತು ನಿಂತ ಗಿಡ ಒಣಗುತ್ತದೆ. ಕಲಬುರಗಿಯ ರೈತರು ನೆಟೆ ರೋಗವೆಂದು ಹೆಸರಿಸಿ ಹೆದರುವುದು ಇದಕ್ಕೇ. ಬಹುಮಟ್ಟಿಗೆ ತೊಗರಿಯನ್ನೇ ಆಶ್ರಯಿಸಿರುವ ಈ ಶಿಲೀಂಧ್ರ, ರೋಗ ತಗುಲಿದ ಗಿಡದ ಕೂಳೆಯಲ್ಲಿ ಮೂರು ವರ್ಷಗಳವರೆಗೂ ಜೀವ ಹಿಡಿದಿರಬಲ್ಲದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ ಪ್ರಯೋಗಗಳಲ್ಲಿ, ತೊಗರಿಯ ನಡುವೆ ಜೋಳದ ಸಾಲುಗಳನ್ನು ಹಾಕಿದಾಗ ರೋಗ ಗಣನೀಯವಾಗಿ ತಗ್ಗಿತು. ಜೋಳ-ತೊಗರಿಯ ಅಕ್ಕಡಿಯನ್ನು ಈ ನಾಡಿನ ಒಕ್ಕಲುಗಳು ವಿಜ್ಞಾನದ ಈ ಲೆಕ್ಕಕ್ಕೂ ಬಹಳ ಮೊದಲೇ ನಡೆಸಿಕೊಂಡು ಬಂದಿದ್ದರು. ಅದನ್ನು ಕೈಬಿಟ್ಟು ತೊಗರಿಯ ಮೇಲೆ ತೊಗರಿಯನ್ನೇ ಬಿತ್ತುವಲ್ಲಿ ಶಿಲೀಂಧ್ರಕ್ಕೆ ಆತಿಥೇಯ ಗಿಡ ವರ್ಷವರ್ಷವೂ ಸಿಗುತ್ತದೆ.

ಮಾರುತಿ, ಟಿಎಸ್-3ಆರ್ ಮೊದಲಾದ ರೋಗನಿರೋಧಕ ತಳಿಗಳು ಬಂದದ್ದು ಈ ಸೆಣಸಾಟದಲ್ಲಿ ಗಿಡದ ಪಕ್ಷಕ್ಕೆ ಮನುಷ್ಯನು ಸೇರಿದ್ದರಿಂದ. ಆದರೆ ಶಿಲೀಂಧ್ರದಲ್ಲಿಯೂ ಬಗೆಬಗೆಯ ರೂಪಗಳಿರುವುದರಿಂದ ಒಂದೆಡೆ ತಡೆದುಕೊಂಡ ತಳಿ ಇನ್ನೊಂದೆಡೆ ಸೋಲುವುದುಂಟು. ಇಂಥ ತಳಿಗಳನ್ನು ಆರಿಸುವುದು ಬೇಕೆಂದೇ ರೋಗ ತುಂಬಿಸಿದ ತಾಕುಗಳಲ್ಲಿ, ಬದುಕುಳಿದ ಗಿಡಗಳನ್ನು ನೋಡಿ. ಹಗೆಯನ್ನು ತಡೆಯುವ ಬೇರಿನ ರಕ್ಷಣಾ ಏರ್ಪಾಡು ಮತ್ತು ಜೊತೆಗಾರನನ್ನು ಒಳಗೆ ಬಿಟ್ಟುಕೊಳ್ಳುವ ಏರ್ಪಾಡು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಆ ಗಿಡಗಳ ಬೇರನ್ನೂ ಅಗೆದು, ಗಂಟುಗಳೆಷ್ಟು, ಅವುಗಳ ಒಳಬಣ್ಣ ಎಂಥದ್ದು ಎಂದು ಇಳುವರಿಯ ಪಕ್ಕದಲ್ಲೇ ಬರೆದಿಡುವುದು ಅಗತ್ಯ.